ವಿಂಟರ್ಟನ್ ದೊರೆಯ ಲಾಯದಲ್ಲಿ ನಮ್ಮ ಎಮ್ಮೆ

ನಾನು ಬೆಳೆದ ಮನೆಯ ನಡುಮನೆಯಲ್ಲಿ ಚಳಿ ಕಾಯಿಸಿಕೊಳ್ಳುವ ಒಲೆಯೊಂದಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕಬ್ಬಿನ ಗದ್ದೆಗಳ ನಡುವಿನ ದಿಣ್ಣೆಯೊಂದರ ಮೇಲೆ, ವರ್ಷದ ಹತ್ತು ತಿಂಗಳು ಬೆವರು ಒರೆಸಿಕೊಳ್ಳುವ ಜಾಗದಲ್ಲಿ, ಗೋಡೆಯೊಳಗೆ ಕಲ್ಲಿನ ಒಲೆ, ಅದರ ಮೇಲೆ ಹೆಂಚು ದಾಟಿ ಹೋಗುವ ಚಿಮಣಿ. ಮನೆ ಅಲ್ಲಿನ ಹುಡುಗರ ಮಿಶನ್ ಶಾಲೆಯದು. ಶಾಲೆಯನ್ನು ಕಟ್ಟಿಸಿದ ಆಂಗ್ಲಿಕನ್ ಪಾದ್ರಿ ವಿಂಟರ್ಟನ್ ದೊರೆ ಮನೆಯ ನಕ್ಷೆಯನ್ನು ಇಂಗ್ಲೆಂಡಿನಿಂದ ತರಿಸಿದ್ದರಂತೆ. ನಕ್ಷೆಯಲ್ಲಿ ಒಲೆ ಇತ್ತು, ಕೆಲಸದವರು ಕಟ್ಟಿದರು. ಯಾರೂ ಯಾರನ್ನೂ ಏನೂ ಕೇಳಿದಂತಿಲ್ಲ. ಆ ಒಲೆಯಲ್ಲಿ ಅಂದಿನಿಂದ ಒಂದು ಕಡ್ಡಿಯೂ ಉರಿದಿರಲಿಕ್ಕಿಲ್ಲ. ಅಪ್ಪ ಆ ಶಾಲೆಯ ಕನ್ನಡ ಮೇಷ್ಟ್ರು. ಹುಡುಗರ ಬೋರ್ಡಿಂಗಿಗೆ ವಾರ್ಡನ್ ಕೂಡ ಆಗಿ ನಾವು ಆ ಮನೆಗೆ ಬಂದಾಗ ನನಗೆ ಮೂರು ವರ್ಷ. ಬಂದ ದಿನವೇ ಅವ್ವ ಒಲೆಯನ್ನು ತೊಳೆದು, ರಂಗೋಲಿ ಎಳೆದು, ಅದರೊಳಗೆ ಮನೆದೇವರ ಪಟಗಳನ್ನಿಟ್ಟಳು. ದುದ್ದದಲ್ಲಿರುವ ಅಪ್ಪನ ಮನೆಯಲ್ಲಿ ದೀಪದ ಹೊಗೆಗೆ ದೇವರ ಮುಖವೇ ಕಾಣುತ್ತಿರಲಿಲ್ಲ, ಇಲ್ಲಿ ಹೊಗೆಗೆ ಅಂತಲೇ ದಾರಿ ಬಿಟ್ಟಿದ್ದಾರೆ, ದೊರೆ ಬುದ್ಧಿವಂತ ಎಂಬುದು ಅವಳ ಅಭಿಪ್ರಾಯ.

ನಮ್ಮ ಮನೆಯೆಂದರೆ ಬೋರ್ಡಿಂಗಿನ ಉದ್ದನೆಯ ಕಟ್ಟಡದ ಕೊನೆಯ ತುಂಡು. ನಡುವೆ ಒಂದೇ ಬಾಗಿಲು. ಬಾಗಿಲಿನ ಈಚೆ ಅಪ್ಪ, ಅವ್ವ, ನಾನು. ಆಚೆ ಎಪ್ಪತ್ತು ಹುಡುಗರು. ಇಡೀ ಕಾಂಪೌಂಡಿನಲ್ಲಿ ಹುಡುಗಿಯೆಂದರೆ ನಾನೊಬ್ಬಳೇ. ನಾನು ಇತ್ತ ಒಂದು ಲೋಟ ಬೀಳಿಸಿದರೆ ಅತ್ತ ಹತ್ತು ತಲೆಗಳು ಕಿಟಕಿಗೆ ಬರುತ್ತಿದ್ದವು. ಆದ್ದರಿಂದ ನಾನು ಲೋಟ ಬೀಳಿಸದೆ ಇರುವುದನ್ನು ಕಲಿತೆ. ಮಾತು ಕಡಿಮೆ, ಗಟ್ಟಿಯಾಗಿ ನಗುವುದಿಲ್ಲ ಎಂದು ಈಗ ಜನ ನನ್ನ ಬಗ್ಗೆ ಹೇಳುವುದನ್ನು ಕೇಳಿದ್ದೇನೆ. ಅದು ಸ್ವಭಾವವಲ್ಲ, ಆ ಬಾಗಿಲು. ಹುಡುಗರೆಲ್ಲ ಸುತ್ತಲ ಹಳ್ಳಿಗಳ ರೈತರ ಮಕ್ಕಳು. ಅವರಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಆದರೂ ದೊರೆಯ ಕಾಲದಿಂದ ನಡೆದುಬಂದ ಪದ್ಧತಿಯಂತೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಲ್ಲರೂ ಚರ್ಚಿಗೆ ಹೋಗಿ ಹಾಡಬೇಕು. ಹಣೆಯಲ್ಲಿ ವಿಭೂತಿ ಇಟ್ಟುಕೊಂಡೇ ಹೋಗಿ ಹಾಡುತ್ತಿದ್ದರು, ಚೆನ್ನಾಗಿಯೂ ಹಾಡುತ್ತಿದ್ದರು. ಊಟಕ್ಕೆ ಮುಂಚೆ ಇಂಗ್ಲಿಷಿನಲ್ಲಿ ದೇವರಿಗೆ ವಂದನೆ ಹೇಳುವ ಕ್ರಮವೂ ಇತ್ತು. ಆದರೆ ತಟ್ಟೆಯಲ್ಲಿ ಇರುತ್ತಿದ್ದದ್ದು ಬಿಸಿ ಮುದ್ದೆ, ಅದು ಆರಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ತಲೆಮಾರುಗಳ ಹುಡುಗರು ಆ ವಂದನೆಯನ್ನು ಉಜ್ಜಿ ಉಜ್ಜಿ ಒಂದೇ ಉಸಿರಿನ ಉದ್ದಕ್ಕೆ ತಂದಿದ್ದರು. ಬಾಗಿಲಿನ ಈಚೆ ಕೂತ ನನಗೆ ಅದು ದೂರದಲ್ಲಿ ಲಾರಿಯೊಂದು ಗೇರು ಬದಲಿಸಿದಂತೆ ಕೇಳುತ್ತಿತ್ತು.

ಆ ಮನೆಯಲ್ಲಿ ನಮ್ಮದು ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಮಂಚ, ಮೇಜು, ಬೀರು, ಅಡುಗೆಮನೆಯ ಕೊಳಗ, ಸೌಟು ಎಲ್ಲದರ ಮೇಲೂ ಶಾಲೆಯ ಮುದ್ರೆ. ಅವ್ವನದು ಎಂದು ಇದ್ದದ್ದು ಒಂದು ಎಮ್ಮೆ. ಆತಗೂರಿನ ತವರಿನಿಂದ ಕರುವಾಗಿದ್ದಾಗಲೇ ತಂದು ಸಾಕಿದ್ದಳು, ಚೆನ್ನಿ ಎಂದು ಕರೆಯುತ್ತಿದ್ದಳು. ಮನೆಯ ಹಿಂದೆ, ಚರ್ಚಿನ ಗೋಡೆಗೆ ಹತ್ತು ಹೆಜ್ಜೆ ದೂರದಲ್ಲಿ, ದೊರೆಯ ಕುದುರೆ ಲಾಯವಿತ್ತು. ಕಲ್ಲಿನ ಬಾನಿ, ಅರ್ಧ ಎತ್ತರದ ಮರದ ಬಾಗಿಲು, ಮೇಲೆ ಗಾಳಿಗೆ ಕಮಾನು. ಕುದುರೆ ಸತ್ತು ಎಷ್ಟೋ ಕಾಲವಾಗಿತ್ತು. ಅವ್ವ ಚೆನ್ನಿಯನ್ನು ಅಲ್ಲಿ ಕಟ್ಟಿದಳು. ಚೆನ್ನಿಯ ಹಾಲು ಮನೆಗೆ, ಕಾಯಿಲೆ ಬಿದ್ದ ಹುಡುಗರಿಗೆ, ಮಿಕ್ಕದ್ದು ಮೊಸರಾಗಿ ಮೇಷ್ಟ್ರುಗಳ ಊಟದ ಮೇಜಿಗೆ ಹೋಗುತ್ತಿತ್ತು.

ಚೆನ್ನಿ ಅಲ್ಲಿ ಇದ್ದೂ ಇದ್ದೂ ಒಂದು ಅಭ್ಯಾಸ ಮಾಡಿಕೊಂಡಿತು. ಸಂಜೆ ಹುಡುಗರು ಚರ್ಚಿನಲ್ಲಿ ಹಾಡಲು ಶುರು ಮಾಡಿದ ಮೇಲೆಯೇ ಹಾಲು ಇಳಿಸುತ್ತಿತ್ತು. ಅದಕ್ಕೆ ಮೊದಲು ಅವ್ವ ಎಷ್ಟು ನೀವಿದರೂ, ಹಿಂಡಿ ಇಟ್ಟರೂ ಕೆಚ್ಚಲು ಕಲ್ಲು. ಶಾಲೆ ನಡೆಯುವಾಗ ಇದರಿಂದ ತೊಂದರೆ ಇರಲಿಲ್ಲ. ಬೇಸಿಗೆ ರಜೆ ಬಂದು ಹುಡುಗರೆಲ್ಲ ಊರಿಗೆ ಹೋದಾಗ ತೊಂದರೆ ಶುರುವಾಯಿತು. ಎರಡು ದಿನ ನೋಡಿ ಅವ್ವ ಅಪ್ಪನನ್ನು ಕರೆದಳು. ಕನ್ನಡ ಎಂ.ಎ. ಓದಿದ ಅಪ್ಪ ಬನಿಯನ್ನಿನಲ್ಲಿ ಬಂದು ಬಾನಿಯ ಪಕ್ಕ ನಿಂತು ಮೊದಲು ಒಂದು ದಾಸರ ಪದ ಹಾಡಿದ. ಎಮ್ಮೆ ಮುಖ ತಿರುಗಿಸಿತು. ಒಂದು ತತ್ವಪದ ಹಾಡಿದ. ಎಮ್ಮೆ ಸಗಣಿ ಹಾಕಿತು. ಕೊನೆಗೆ ದಿನಾ ಕೇಳಿ ಕೇಳಿ ಬಾಯಿಗೆ ಬಂದಿದ್ದ ಇಂಗ್ಲಿಷ್ ಕೀರ್ತನೆಯನ್ನು, ಯಾರಾದರೂ ನೋಡಿಯಾರೆಂದು ಅತ್ತಿತ್ತ ನೋಡಿ, ಮೆಲ್ಲಗೆ ಎತ್ತಿದ. ಅವ್ವ ಚೊಂಬನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತೇ ಹೇಳಿದಳು:

“ಇನ್ನೊಂಚೂರು ಮ್ಯಾಕೆತ್ತಿ. ಅದ್ಕೆ ಎಪ್ಪತ್ ಗಂಟ್ಲು ಕೇಳಿ ಅಬ್ಯಾಸ.”

ಅಪ್ಪ ಮೇಲಕ್ಕೆತ್ತಿದ. ಹಾಲು ಇಳಿಯಿತು. ಆ ವರ್ಷದಿಂದ ಪ್ರತಿ ಬೇಸಿಗೆಯೂ ಅಪ್ಪ ಸಂಜೆ ಆರಕ್ಕೆ ಲಾಯದಲ್ಲಿ ಇರಲೇಬೇಕಾಯಿತು. ನೆಂಟರ ಮದುವೆಗಳಿಗೆ ಹೋದರೂ ಮಧ್ಯಾಹ್ನದ ಊಟ ಮುಗಿಸಿ ಬಸ್ಸು ಹಿಡಿಯುತ್ತಿದ್ದ. ಕಾರಣ ಕೇಳಿದವರಿಗೆ ಶಾಲೆಯ ಕೆಲಸ ಎನ್ನುತ್ತಿದ್ದ.

ನಾನು ಏಳನೇ ತರಗತಿಯಲ್ಲಿದ್ದಾಗ ಹೊಸ ಪ್ರಿನ್ಸಿಪಾಲರು ಬಂದರು. ರೆವರೆಂಡ್ ಜಯಶೀಲರು ಮೈಸೂರಿನವರು, ತೆಳ್ಳಗೆ, ಇಸ್ತ್ರಿ ಮಾಡಿದಂತಿದ್ದರು. ಯಾವ ಮಾತಿಗೂ ದಾಖಲೆ ಕೇಳುವ ಮನುಷ್ಯ. ಅವರು ಬಂದ ವರ್ಷವೇ ಶಾಲೆಯ ದೊಡ್ಡ ವಾರ್ಷಿಕೋತ್ಸವ. ಅದಕ್ಕಾಗಿ ಎರಡು ತೀರ್ಮಾನ ಮಾಡಿದರು: ಅಪ್ಪ ಶಾಲೆಯ ಇತಿಹಾಸವನ್ನು ಕನ್ನಡದಲ್ಲಿ ಬರೆಯಬೇಕು, ಮತ್ತು ಕುದುರೆ ಲಾಯವನ್ನು ದೊರೆಯ ಕಾಲದಲ್ಲಿ ಹೇಗಿತ್ತೋ ಹಾಗೆ ಮಾಡಿ ಬಂದವರಿಗೆ ತೋರಿಸಬೇಕು. ಪ್ರಿನ್ಸಿಪಾಲರು ಲಾಯವನ್ನು ನೋಡಲು ಬಂದು ಅರ್ಧ ಬಾಗಿಲಿನ ಮೇಲಿಂದ ಇಣುಕಿದರೆ ಚೆನ್ನಿ ಇತ್ತು. ಲಾಯವನ್ನು ಒಮ್ಮೆ ಸುತ್ತಿ ಬಂದರು. ಆಮೇಲೆ ಅವ್ವನಿಗೆ ಬಹಳ ಮರ್ಯಾದೆಯಿಂದ, ಉತ್ಸವದೊಳಗೆ ಇದನ್ನು ಬೇರೆಡೆಗೆ ಸಾಗಿಸಬೇಕಾಗುತ್ತದೆ ಎಂದರು. ಅವ್ವ, ದೊರೆಯ ಕಾಲದಲ್ಲೂ ಇಲ್ಲಿ ಎಮ್ಮೆ ಇದ್ದಿರಬಹುದಲ್ಲ ಎಂದಳು.

“ಇತ್ತು ಅಂತ ಎಲ್ಲಾದರೂ ಬರೆದಿದ್ದರೆ ತೋರಿಸಿ ತಾಯಿ. ನಾನೇ ನಿಂತು ಉಳಿಸುತ್ತೇನೆ. ಇತಿಹಾಸದಲ್ಲಿ ಏನಿದೆಯೋ ಅದು ಇರಲಿ.”

ಕಾಂಪೌಂಡಿನಲ್ಲಿ ಬೇರೆ ಕೊಟ್ಟಿಗೆ ಇರಲಿಲ್ಲ. ಸಾಗಿಸುವುದೆಂದರೆ ದುದ್ದಕ್ಕೋ ಆತಗೂರಿಗೋ ಕಳಿಸುವುದು. ಅಲ್ಲಿ ಸಂಜೆ ಆರಕ್ಕೆ ಇಂಗ್ಲಿಷ್ ಕೀರ್ತನೆ ಹಾಡುವವರು ಯಾರೂ ಇರಲಿಲ್ಲ. ಹಾಲು ಕೊಡದ ಎಮ್ಮೆಯನ್ನು ನೆಂಟರು ಎಷ್ಟು ದಿನ ಇಟ್ಟುಕೊಂಡಾರು, ಆಮೇಲೆ ಯಾವ ಸಂತೆಗೆ ಹೊಡೆದಾರು ಎಂಬುದು ಅವ್ವನಿಗೆ ಗೊತ್ತಿತ್ತು. ಆ ಸಂಜೆ ಅವಳು ಉಪ್ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಅಪ್ಪ ಹೇಳದೆ ಉಂಡ.

ದೊರೆ ಇಲ್ಲಿದ್ದಷ್ಟು ಕಾಲವೂ ದಿನಚರಿ ಬರೆದಿದ್ದರು. ಬೆನ್ನಿಗೆ ಚರ್ಮ ಹಾಕಿದ ಇಪ್ಪತ್ತೆರಡು ಸಂಪುಟಗಳು ಶಾಲೆಯ ಲೈಬ್ರರಿಯ ಗಾಜಿನ ಬೀರುವಿನಲ್ಲಿದ್ದವು. ಅಪ್ಪ ಒಂದೊಂದನ್ನೇ ಮನೆಗೆ ತಂದು, ನಾವು ಊಟ ಮಾಡುವ ಮೇಜಿನ ಮೇಲೆ ಹರಡಿ ಓದತೊಡಗಿದ. ಕೊಕ್ಕೆ ಕೊಕ್ಕೆಯಾದ ಇಂಗ್ಲಿಷ್ ಬರಹ. ಅಪ್ಪ ಒಂದು ಪುಟಕ್ಕೆ ಮೂರು ಸಾರಿ ಕನ್ನಡಕ ಒರೆಸುತ್ತಿದ್ದ. ನಾವು ಮೂರು ತಿಂಗಳು ನೆಲದ ಮೇಲೆ ಕೂತು ಉಂಡೆವು. ಅವ್ವ ಸಾರು ಬಡಿಸುತ್ತಾ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಎಮ್ಮೆ ಸಿಕ್ತಾ ಎಂದು. ಕುದುರೆ ಇತ್ತು, ನಾಯಿ ಇತ್ತು, ಚರ್ಚಿನ ಹೂವು ತಿಂದ ಮೇಕೆಗಳ ಮೇಲೆ ದೂರುಗಳಿದ್ದವು. ಎಮ್ಮೆ ಇರಲಿಲ್ಲ. ಒಂಬತ್ತನೆಯ ಸಂಪುಟ ಮುಗಿಯುವ ಹೊತ್ತಿಗೆ ಇಬ್ಬರಿಗೂ ತಾಳ್ಮೆ ತಪ್ಪಿತ್ತು.

“ಅಲ್ಲ, ಇಷ್ಟ್ ವರ್ಸ ಇಲ್ಲಿ ಬದ್ಕವ್ನೆ ಆ ದೊರೆ. ಹಾಲು ಮೊಸ್ರು ಇಲ್ದೆಯಾ ಬದ್ಕವ್ನೆ? ಸರ್ಯಾಗ್ ನೋಡಿ.”

“ಇದ್ರೆ ಬರೀತೀನಿ, ಇಲ್ದಿದ್ರೆ ಎಲ್ಲಿಂದ ತರ್ಲಿ? ಇದು ಇತಿಹಾಸ ಕಣಮ್ಮೀ, ನಿಮ್ಮಪ್ಪನ್ ಮನೆ ಹಟ್ಟಿ ಅಲ್ಲ.”

“ನಮ್ಮಪ್ಪನ ಅಟ್ಟೀಲಿ ನಾಕ್ ಎಮ್ಮೆ ಅವೆ. ಯಾವ ಪುಸ್ತಕ್ದಲ್ಲೂ ಬರ್ದಿಲ್ಲ. ಆದ್ರೂ ಅವೆ.”

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ. ಈಗ ಹಳೆಯ ಕಾಗದಗಳನ್ನು ಓದುವುದೇ ನನ್ನ ಕೆಲಸ, ಮತ್ತು ಅವ್ವನ ಆ ವಾದಕ್ಕೆ ಸರಿಯಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಅಷ್ಟು ಹೇಳಿ ಅವ್ವ ಮುದ್ದೆ ಕೋಲನ್ನು ಎತ್ತಿ ಅದರ ಮೇಲಿದ್ದ ಶಾಲೆಯ ಮುದ್ರೆಯನ್ನು ಅಪ್ಪನಿಗೆ ತೋರಿಸಿದಳು.

“ಕೋಲಿಂದ ಇಡ್ದು ಮಂಚದ್ ಗಂಟ ಎಲ್ಲಾ ಅವರ್ದು. ಅದೊಂದು ನಂದು. ಅದೂ ಓಗ್ಬುಟ್ಮೇಲೆ ಈ ಮನೇಲಿ ನಾನೂ ಒಂದ್ ಸಾಮಾನು. ನನ್ಗೂ ಒಂದ್ ಮುದ್ರೆ ಒಡ್ಸ್‌ಬುಡಿ.”

ಇದನ್ನು ಅವಳು ಕೂಗಿ ಹೇಳಲಿಲ್ಲ. ಕೂಗಿದ್ದರೆ ನಾನು ಮುಂದೆ ಮಾಡಿದ್ದನ್ನು ಮಾಡುತ್ತಿರಲಿಲ್ಲವೇನೋ.

ಸಮಯ ಹತ್ತಿರ ಬಂದಿದ್ದರಿಂದ ಅಪ್ಪ ಒಂಬತ್ತು ಸಂಪುಟಕ್ಕೇ ಓದು ನಿಲ್ಲಿಸಿ ಬರೆಯಲು ಕೂತ. ಬರೆದದ್ದನ್ನು ಅಚ್ಚಿಗೆ ಕೊಡಲು ಶುದ್ಧಪ್ರತಿ ಮಾಡುವ ಕೆಲಸ ನನ್ನದಾಯಿತು. ನನ್ನ ಕೈಬರಹ ದುಂಡಗಿತ್ತು. ದೊರೆಯ ಜೀವನದ ಅಧ್ಯಾಯದಲ್ಲಿ ಲಾಯದ ವರ್ಣನೆ ಬಂತು. ಅದನ್ನು ಬರೆದು ಮುಗಿಸಿ, ಮುಂದಿನ ವಾಕ್ಯಕ್ಕೆ ಹೋಗುವ ಮುಂಚೆ ನಾನು ನನ್ನದೊಂದು ವಾಕ್ಯ ಸೇರಿಸಿದೆ. ಸುಮ್ಮನೆ ಸೇರಿಸಲಿಲ್ಲ, ಹಳೆಯ ನೋಟ್ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಸಾರಿ ಬರೆದು ನೋಡಿದೆ. ಮೊದಲ ಸಾರಿ ದೊರೆಗೆ ಎಮ್ಮೆಯೆಂದರೆ ಪ್ರಾಣ ಎಂದಿತ್ತು. ಅದು ಅಪ್ಪನ ಶೈಲಿಯಲ್ಲ ಎಂದು ಹೊಡೆದುಹಾಕಿದೆ. ಎರಡನೆಯದರಲ್ಲಿ ಎಮ್ಮೆಯ ಬಣ್ಣ ಇತ್ತು. ಎಮ್ಮೆಗೆ ಬಣ್ಣ ಹೇಳುವವರು ಯಾರು ಎಂದು ಅದನ್ನೂ ತೆಗೆದೆ. ಕೊನೆಗೆ ಉಳಿದದ್ದು ಇಷ್ಟು:

“ಲಾಯದ ಇನ್ನೊಂದು ಮಗ್ಗುಲಿನಲ್ಲಿ ದೊರೆಗಳು ಎಮ್ಮೆಯೊಂದನ್ನು ಸಾಕಿದ್ದರು; ಅದರ ಹಾಲು ಕಾಯಿಲೆ ಬಿದ್ದ ಹುಡುಗರಿಗೆ ಮೀಸಲಾಗಿತ್ತು.”

ನನಗೆ ಹನ್ನೆರಡು ವರ್ಷ. ಆ ವಾಕ್ಯದಲ್ಲಿ ಇವತ್ತಿಗೂ ತೆಗೆಯಬೇಕಾದ ಪದವಿಲ್ಲ. ಅಚ್ಚಿನ ಕರಡು ಮಂಡ್ಯದ ಪ್ರೆಸ್ಸಿನಿಂದ ಬಂದಾಗ ಅಪ್ಪ ಪರೀಕ್ಷೆಯ ಪತ್ರಿಕೆ ತಿದ್ದಲು ಮೈಸೂರಿಗೆ ಹೋಗಿದ್ದ. ಕರಡು ತಿದ್ದುವುದೂ ನನಗೇ ಬಂತು. ಎಲ್ಲ ತಪ್ಪುಗಳನ್ನೂ ತಿದ್ದಿದೆ, ಒಂದನ್ನು ಬಿಟ್ಟು.

ಪುಸ್ತಕದ ಮೊದಲ ಪ್ರತಿಗಳು ಪ್ರಿನ್ಸಿಪಾಲರ ಕೈಗೆ ಉತ್ಸವದ ಹಿಂದಿನ ದಿನ ಬಂದವು. ಮರುದಿನ ಬೆಳಿಗ್ಗೆ ಚೆನ್ನಿಯನ್ನು ಆತಗೂರಿಗೆ ಕಳಿಸಲು ಟೆಂಪೋ ಹೇಳಿಯಾಗಿತ್ತು. ಸಂಜೆ ಪ್ರಿನ್ಸಿಪಾಲರು ಆಳನ್ನು ಕಳಿಸಿ, ಟೆಂಪೋ ಬೇಡ, ಎಮ್ಮೆಗೆ ಮೈ ತೊಳೆಸಿ ಎಂದು ಹೇಳಿಸಿದರು. ಬೇರೇನೂ ವಿವರಣೆ ಇರಲಿಲ್ಲ. ಅಪ್ಪ ಅವ್ವ ಇಬ್ಬರೂ ಅದನ್ನು ಪ್ರಿನ್ಸಿಪಾಲರ ಒಳ್ಳೆಯತನವೆಂದು ತಿಳಿದರು. ನಾನು ಸುಮ್ಮನಿದ್ದೆ; ಸುಮ್ಮನಿರುವುದು ನನಗೆ ಕಷ್ಟವಾಗಿರಲಿಲ್ಲ.

ಮರುದಿನ ವೇದಿಕೆಯ ಮೇಲೆ ಬಿಷಪ್ಪರು, ಪ್ರಿನ್ಸಿಪಾಲರು, ಸಾಲಾಗಿ ಹಾರ ಹಾಕಿಸಿಕೊಂಡ ಹಳೆಯ ವಿದ್ಯಾರ್ಥಿಗಳು. ಅಪ್ಪ ಪುಸ್ತಕದಿಂದ ಒಂದು ಭಾಗ ಓದಬೇಕೆಂದು ಪ್ರಿನ್ಸಿಪಾಲರು ಅಲ್ಲೇ ಸೂಚಿಸಿದರು, ಪುಟವನ್ನೂ ತಾವೇ ತೆಗೆದುಕೊಟ್ಟರು. ಅಪ್ಪ ಗಂಭೀರವಾಗಿ ಓದುತ್ತಾ ಲಾಯದವರೆಗೆ ಬಂದ. “ಲಾಯದ ಇನ್ನೊಂದು ಮಗ್ಗುಲಿನಲ್ಲಿ ದೊರೆಗಳು ಎಮ್ಮೆಯೊಂದನ್ನು” ಎಂದು ಓದಿ ನಿಂತ. ಕನ್ನಡಕ ತೆಗೆದು ಒರೆಸಿದ. ಪುಸ್ತಕವನ್ನು ಮಡಚಿ ಅದರ ರಕ್ಷಾಪುಟದಲ್ಲಿ ತನ್ನ ಹೆಸರೇ ಇದೆಯೇ ಎಂದು ನೋಡಿದ. ಇತ್ತು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಅವ್ವ ನೆಟ್ಟಗೆ ಕೂತಳು. ಅಪ್ಪ ನಮ್ಮಿಬ್ಬರ ಕಡೆ ನೋಡಿದ, ಅವನ ಕಣ್ಣು ಅವಳನ್ನು ಬಿಟ್ಟು ನನ್ನ ಮುಖದ ಮೇಲೆ ನಿಂತಿತು. ಆಮೇಲೆ ಉಳಿದದ್ದನ್ನು ಓದಿ, ಕೊನೆಯಲ್ಲಿ ಪುಸ್ತಕದಲ್ಲಿ ಇಲ್ಲದ ಎರಡು ಪದ ಸೇರಿಸಿದ: ಎಂದು ಹೇಳುತ್ತಾರೆ. ಅದೊಂದೇ ವಾಕ್ಯಕ್ಕೆ ಹಾಗೆ ಹೇಳಿದರೆ ಎದ್ದು ಕಾಣುತ್ತದೆ ಅನ್ನಿಸಿರಬೇಕು, ಮುಂದಿನ ಎಲ್ಲ ವಾಕ್ಯಗಳಿಗೂ ಅದನ್ನು ಅಂಟಿಸುತ್ತಾ ಹೋದ. ದೊರೆಗಳು ಬಾವಿ ತೋಡಿಸಿದರು ಎಂದು ಹೇಳುತ್ತಾರೆ. ದೊರೆಗಳು ಇಲ್ಲಿಯೇ ತೀರಿಕೊಂಡರು ಎಂದು ಹೇಳುತ್ತಾರೆ. ಅವರ ಗೋರಿ ವೇದಿಕೆಯಿಂದ ಕಾಣುತ್ತಿತ್ತು.

ಸಭೆ ಮುಗಿದ ಮೇಲೆ ಬಿಷಪ್ಪರು ಎಮ್ಮೆಯನ್ನು ನೋಡಬೇಕೆಂದರು. ನೋಡಿದರು, ಕತ್ತು ನೇವರಿಸಿದರು, ಅದರ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಅಷ್ಟರಲ್ಲಿ ಚರ್ಚಿನಲ್ಲಿ ಸಂಜೆಯ ಹಾಡು ಶುರುವಾಗಿ, ಯಾರೂ ಮುಟ್ಟದೆಯೇ ಚೆನ್ನಿಯ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕತೊಡಗಿತು. ಬಿಷಪ್ಪರು ಕೈ ಜೋಡಿಸಿದರು.

ಆ ದಿನ ಊಟಕ್ಕೆ ಕೂತಾಗ ಅಪ್ಪ ಬೈಯಲಿಲ್ಲ. ತಟ್ಟೆಯನ್ನು ನೋಡುತ್ತಾ ಹೇಳಿದ:

“ಕೈಬರಹ ಚೆನ್ನಾಗದೆ ಅಂತ ನಿನ್ ಕೈಗೆ ಕೊಟ್ನಲ್ಲ ಮಗ.”

ನಾನು ಅತ್ತೆ. ಬೆಳಿಗ್ಗೆ ಪ್ರಿನ್ಸಿಪಾಲರಿಗೆ ನಾನೇ ಕಾಗದ ಬರೆದು ನಿಜ ಹೇಳಬೇಕು ಎಂದ ಅಪ್ಪ. ಕಾಗದ ಕೊಟ್ಟರೆ ಎಮ್ಮೆ ಉಳಿಯುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ನಾನು ಅವ್ವನ ಕಡೆ ನೋಡಿದೆ, ಅವಳು ಜಗಳಕ್ಕೆ ನಿಲ್ಲುತ್ತಾಳೆಂದು. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

“ಬರ್ದ್‌ಕೊಡು ಮಗ. ಎಮ್ಮೆ ಓದ್ರೆ ಓಗ್ಲಿ. ನೀನ್ ಸುಳ್ಳಿ ಆಗ್ಬೇಡ. ನನ್ಗೋಸ್ಕರ ಬರ್ದೆ ಅಂತ ಮಾತ್ರ ಅದ್ರಲ್ಲಿ ಆಕ್ಬೇಡ, ನಂಗ್ ನಾಚ್ಕೆ ಆಯ್ತದೆ.”

ಕಾಗದ ಮುಟ್ಟಿದ ದಿನವೇ ಪ್ರಿನ್ಸಿಪಾಲರು ಮನೆಗೆ ಬಂದರು. ಅವ್ವ ಕೂರಿಸಿ, ಉಪ್ಪು, ಕೊತ್ತಂಬರಿ ಹಾಕಿದ ಮಜ್ಜಿಗೆ ಕೊಟ್ಟಳು. ಅವರು ಕುಡಿದು, ಊಟದ ಮೇಜಿಗೆ ಬರುವ ಮೊಸರಿನ ರುಚಿಯೇ ಇದಕ್ಕೂ ಇದೆ ಎಂದರು. ಅದೂ ಇದೇ ಎಮ್ಮೆಯದು ಸ್ವಾಮಿ ಎಂದಳು ಅವ್ವ. ಇದು ಅವರಿಗೆ ಹೊಸ ಸುದ್ದಿ. ಲೋಟ ಕೆಳಗಿಟ್ಟು, ಜೇಬಿನಿಂದ ನನ್ನ ಕಾಗದ ತೆಗೆದು ಎರಡು ಸಾರಿ ಓದಿದರು. ಪುಸ್ತಕ ಎಲ್ಲರಿಗೂ ಹಂಚಿಯಾಗಿದೆ, ಬಿಷಪ್ಪರ ಫೋಟೊ ಪತ್ರಿಕೆಗೆ ಹೋಗಿದೆ ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿ, ದಿನಚರಿಯ ಎಷ್ಟು ಸಂಪುಟ ಓದಿದಿರಿ ಎಂದು ಕೇಳಿದರು. ಒಂಬತ್ತು ಎಂದ ಅಪ್ಪ.

“ಹದಿಮೂರು ಬಾಕಿ. ಹಾಗಿರುವಾಗ ಎಮ್ಮೆ ಇರಲಿಲ್ಲ ಅಂತ ಯಾವ ಆಧಾರದ ಮೇಲೆ ಹೇಳುತ್ತೀರಿ ಮೇಷ್ಟ್ರೇ? ಇಲ್ಲ ಅನ್ನುವುದಕ್ಕೂ ದಾಖಲೆ ಬೇಕು.”

ಪ್ರಿನ್ಸಿಪಾಲರು ನನ್ನನ್ನು ಹತ್ತಿರ ಕರೆದರು. ಸುಳ್ಳಿಗೆ ಶಿಕ್ಷೆ ಆಗಲೇಬೇಕು ಎಂದರು. ಪ್ರತಿ ಶನಿವಾರ ಮಧ್ಯಾಹ್ನ ನಾನು ಲೈಬ್ರರಿಗೆ ಹೋಗಿ ಉಳಿದ ಸಂಪುಟಗಳನ್ನು, ಒಂದು ಸಾಲೂ ಬಿಡದೆ, ಓದಬೇಕು.

“ಹುಡುಕುತ್ತಿರುವವರೆಗೆ ಎಮ್ಮೆ ಅಲ್ಲೇ ಇರಲಿ. ಹುಡುಕುವುದು ನಿಲ್ಲಿಸಿದ ದಿನ ಹೊರಗೆ.”

ಹೀಗೆ ನಾನು ಹುಡುಗರ ಶಾಲೆಯ ಲೈಬ್ರರಿಯೊಳಗೆ ಕಾಲಿಟ್ಟೆ. ಮೊದಲ ಶನಿವಾರ ಒಂದು ಪುಟಕ್ಕೆ ಎರಡು ಗಂಟೆ ಹಿಡಿಯಿತು. ಕನ್ನಡ ಶಾಲೆಯ ನನಗೆ ಆ ಇಂಗ್ಲಿಷೂ ಕಷ್ಟ, ಆ ಕೊಕ್ಕೆ ಅಕ್ಷರವೂ ಕಷ್ಟ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ಮನೆಗೆ ಬಂದರೆ ಅವ್ವ ಎಷ್ಟು ಪುಟ ಆಯಿತು ಎಂದು ಕೇಳಿ, ಮೂರು ಎಂದರೆ ಮುಖ ಸಣ್ಣಗೆ ಮಾಡುತ್ತಿದ್ದಳು. ಬಿರ್ರನೆ ಓದಬೇಡ, ನಿಧಾನಕ್ಕೆ ಓದು, ಯಾವ ಅರ್ಜೆಂಟೂ ಇಲ್ಲ ಎನ್ನುತ್ತಿದ್ದಳು. ಮಂಡ್ಯ ಸೀಮೆಯಲ್ಲಿ ಮಗಳಿಗೆ ಹಾಗೆ ಹೇಳಿದ ತಾಯಿ ಇನ್ನೊಬ್ಬಳಿರಲಾರಳು. ಪ್ರಿನ್ಸಿಪಾಲರು ಆ ದಾರಿಯಲ್ಲಿ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, ಸಿಕ್ಕಿತೇ ಎನ್ನುತ್ತಿದ್ದರು. ಇನ್ನೂ ಇಲ್ಲ ಸಾರ್ ಎನ್ನುತ್ತಿದ್ದೆ. ಸಂತೋಷ ಎಂದು ಹೋಗುತ್ತಿದ್ದರು.

ಎಮ್ಮೆ ಸಿಗಲಿಲ್ಲ. ಸಿಕ್ಕವರು ಬೇರೆ. ಹುಡುಗರಿಗೆ ಮುದ್ದೆ ಬಿಡಿಸಿ ಬ್ರೆಡ್ಡು ತಿನ್ನಿಸಲು ಹೋಗಿ, ಮೂರನೆಯ ದಿನ ಅಡುಗೆಮನೆ ಬಿಟ್ಟು ಇಡೀ ಬೋರ್ಡಿಂಗೇ ಖಾಲಿಯಾದದ್ದನ್ನು ಕಂಡು, ಸೋತೆ ಎಂದು ಒಂದೇ ಸಾಲು ಬರೆದ ದೊರೆ. ಮಳವಳ್ಳಿ ಕಡೆಯ ಒಬ್ಬ ಹುಡುಗ, ಓಡಿಹೋಗುವುದು, ಅವನಪ್ಪ ಕರೆತಂದು ಬಿಡುವುದು, ಮತ್ತೆ ಓಡಿಹೋಗುವುದು. ಕೊನೆಗೆ ಅವನು ಅದೇ ಶಾಲೆಯಲ್ಲಿ ಮೇಷ್ಟ್ರಾದ. ಕುದುರೆ ಸತ್ತ ದಿನದ ಕೆಳಗೆ ಮೂರು ದಿನ ಖಾಲಿ ಬಿಟ್ಟ ಹಾಳೆ. ಆ ಖಾಲಿ ಜಾಗವನ್ನೂ ನಾನು ಓದಿದೆ; ಒಂದು ಸಾಲೂ ಬಿಡಬಾರದೆಂದು ಹೇಳಿದ್ದರಲ್ಲ.

ನಾನು ಮೊದಲ ವರ್ಷದ ಪಿಯುಸಿಯಲ್ಲಿದ್ದಾಗ, ಒಂದು ಗುರುವಾರ, ಚೆನ್ನಿ ವಯಸ್ಸಾಗಿ ಸತ್ತಿತು. ಲಾಯದಲ್ಲೇ ಮಲಗಿದ್ದದ್ದು ಏಳಲಿಲ್ಲ. ಹುಡುಗರು ತಾವಾಗಿಯೇ ಬಂದು ತೋಟದ ಅಂಚಿನಲ್ಲಿ ಗುಂಡಿ ತೋಡಿದರು. ಅವ್ವ ಹೆಚ್ಚು ಅಳಲಿಲ್ಲ, ಲಾಯವನ್ನು ತೊಳೆದು ಬಾಗಿಲು ಹಾಕಿ ಬಂದಳು. ಶನಿವಾರ ಊಟವಾದ ಮೇಲೆ ನಾನು ನಿಘಂಟು ಎತ್ತಿಕೊಂಡದ್ದನ್ನು ನೋಡಿ ಅವಳಿಗೆ ಆಶ್ಚರ್ಯವಾಯಿತು.

“ಇನ್ ಬುಡು ಮಗ. ಯಾರ್ಗೋಸ್ಕರ ಓಯ್ತೀಯೆ?”

ನಾನು ಆಗ ಇಪ್ಪತ್ತೊಂದನೆಯ ಸಂಪುಟದ ನಡುವಿನಲ್ಲಿದ್ದೆ. ಹಿಂದಿನ ಶನಿವಾರ ಪುಸ್ತಕ ಮುಚ್ಚುವಾಗ ಬೋರ್ಡಿಂಗಿನಲ್ಲಿ ಒಬ್ಬ ಚಿಕ್ಕ ಹುಡುಗನಿಗೆ ಜ್ವರ ಏರಿತ್ತು. ದೊರೆ ತಮ್ಮ ಕೋಣೆಯನ್ನೇ ಅವನಿಗೆ ಬಿಟ್ಟುಕೊಟ್ಟು, ಮಂಡ್ಯಕ್ಕೆ ವೈದ್ಯರನ್ನು ಕರೆತರಲು ಆಳು ಕಳಿಸಿದ್ದರು. ವೈದ್ಯರು ಬಂದರೋ ಇಲ್ಲವೋ, ಹುಡುಗ ಉಳಿದನೋ ಇಲ್ಲವೋ, ಮುಂದಿನ ಪುಟದಲ್ಲಿತ್ತು. ನೋಡಿಬರುತ್ತೇನೆ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡೆ.